ಬರೆದು ಕೊಡಿ, ಸೀಲು ಹಾಕಿಸಿಕೊಳ್ಳಿ

(ಮಲ್ಲಂದೂರು ಸುತ್ತಿನ ಹಾಸ್ಟೆಲ್ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ರಜೆ ಬಂತು ಅಂದ್ರೆ ನೀವು ಊರಿಗೆ ಹೋಗ್ತೀರಿ. ಈ ಕಾಫಿ ಸೀಮೆಯಲ್ಲಿ ನಮ್ಮ ಜನರ ಊರು ಅಂದ್ರೆ ಒಂದೋ ಕಾಲೋನಿ, ಇಲ್ಲಾ ತೋಟದ ಲೈನು. ನಲ್ಲಿಯಲ್ಲಿ ನೀರು ಬರೋಲ್ಲ, ದಾರಿಗೆ ದೀಪ ಇಲ್ಲ, ಸತ್ತವರನ್ನ ಹೂಳೋಕೆ ಜಾಗ ಇಲ್ಲ. ‘ಪಂಚಾಯ್ತಿಗೆ ಹೇಳಿದ್ರಾ?’ ಅಂತ ಅಪ್ಪನನ್ನ ಕೇಳಿ ನೋಡಿ. ‘ಹೇಳಿದ್ವಲ್ಲ ಮಗಾ, ಎಷ್ಟೋ ಸಲ’ ಅಂತಾರೆ. ಯಾರಿಗೆ ಹೇಳಿದ್ದು? ತೋಟದ ರೈಟರಿಗೆ. ರೈಟರು ಸಾಹುಕಾರರಿಗೆ ಹೇಳಬೇಕು, ಸಾಹುಕಾರರು ಅಧ್ಯಕ್ಷರಿಗೆ ಹೇಳಬೇಕು. ಮೂರು ಬಾಯಿ ದಾಟುವ ಹೊತ್ತಿಗೆ ನಮ್ಮ ಹಕ್ಕು ಭಿಕ್ಷೆಯಾಗಿರ್ತದೆ.

ನಾನು ಹೇಳೋಕೆ ಬಂದಿರೋದು ಇಷ್ಟೇ. ಪಂಚಾಯ್ತಿ ಜೊತೆ ನಮ್ಮವರ ಮಾತು ನೇರವಾಗಿ ಆಗಬೇಕು, ಕಾಗದದ ಮೇಲೆ ಆಗಬೇಕು. ಆ ಕಾಗದ ಬರೆಯಬೇಕಾದವರು ನೀವು.

ಬಾಬಾಸಾಹೇಬರು ಹಳ್ಳಿ ಪಂಚಾಯ್ತಿಯನ್ನ ಕಣ್ಣು ಮುಚ್ಚಿ ನಂಬಿದವರಲ್ಲ. 1932ರಲ್ಲಿ ಮುಂಬೈ ಶಾಸನಸಭೆಗೆ ಗ್ರಾಮ ಪಂಚಾಯ್ತಿ ಮಸೂದೆ ಬಂದಾಗ, ಅಸ್ಪೃಶ್ಯರಿಗೆ ಪ್ರಾತಿನಿಧ್ಯ ಗ್ಯಾರಂಟಿ ಇಲ್ಲದೆ ಅದನ್ನ ಒಪ್ಪೋಕಾಗಲ್ಲ ಅಂತ ವಾದಿಸಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಹಳ್ಳಿಯನ್ನ ಹಾಡಿ ಹೊಗಳುವವರ ಮುಂದೆಯೇ, ಹಳ್ಳಿ ಎಂಥ ಸಂಕುಚಿತ ಬುದ್ಧಿಯ ಜಾಗ ಅಂತ ಬಿಡಿಸಿ ಹೇಳಿದರು. ಜನಸಂಖ್ಯೆಗೆ ತಕ್ಕ ಮೀಸಲು ಪಂಚಾಯ್ತಿಯಲ್ಲಿ ಸಂವಿಧಾನದ ಬಲದಿಂದ ಸಿಗೋಕೆ 73ನೇ ತಿದ್ದುಪಡಿ ಜಾರಿಗೆ ಬರಬೇಕಾಯ್ತು. ಅದು 1993ರಲ್ಲಿ. ಆರು ದಶಕ ಕಾದು ಪಡೆದ ಬಾಗಿಲು ಇದು. ಆ ಬಾಗಿಲಲ್ಲಿ ಕೈಕಟ್ಟಿ ನಿಲ್ಲೋದಾ, ಒಳಗೆ ಹೋಗಿ ಮಾತಾಡೋದಾ?

ನಮ್ಮ ರಾಜ್ಯದಲ್ಲಿ 1983ರ ಕಾನೂನು ತಂದು, 1987ರಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ನಡೆಯುವಂತೆ ಮಾಡಿದವರಲ್ಲಿ ಅಬ್ದುಲ್ ನಜೀರ್ ಸಾಬರು ಮುಖ್ಯರು. ಊರೂರಿಗೆ ಬೋರ್‌ವೆಲ್ ತೆಗೆಸಿದ್ದಕ್ಕೆ ಜನ ಅವರನ್ನ ನೀರ್ ಸಾಬ್ ಅಂದರು. ಈಗಿನ ಗ್ರಾಮ ಪಂಚಾಯ್ತಿ 1993ರ ಕಾನೂನಿನದು. ಮಲೆನಾಡಲ್ಲಿ ಮನೆಗಳು ಚದುರಿಕೊಂಡಿವೆ ಅಂತ ಆ ಕಾನೂನಿಗೂ ಗೊತ್ತಿತ್ತು. ಅದಕ್ಕೇ ಬಯಲುಸೀಮೆಯಲ್ಲಿ 5000 ಜನಕ್ಕೆ ಒಂದು ಪಂಚಾಯ್ತಿ ಅಂದರೆ, ಇಲ್ಲಿ 2500 ಜನ ಇದ್ರೂ ಆಗ್ತದೆ ಅಂತು. ಪಂಚಾಯ್ತಿಯನ್ನ ನಮ್ಮ ಹತ್ತಿರ ತಂದಿಟ್ಟಿದೆ. ಆದ್ರೆ ಲೈನಿನಿಂದ ಪಂಚಾಯ್ತಿ ಕಟ್ಟಡದ ತನಕ ನಡೆದು ಹೋಗೋಕೆ ನಮಗಿನ್ನೂ ಧೈರ್ಯ ಬಂದಿಲ್ಲ.

ಧೈರ್ಯ ಯಾಕಿಲ್ಲ? ಲೈನ್ ಮನೆ ನಮ್ಮದಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ, ದೊಡ್ಡ ತೋಟಗಳಲ್ಲಿ ಮನೆ, ಕುಡಿಯೋ ನೀರು, ಕಕ್ಕಸು ಕೊಡೋದು ಮಾಲೀಕನ ಹೊಣೆ ಅಂತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಹೊಣೆ ಮಾತ್ರ ಮಾಲೀಕನ ತಲೆ ಮೇಲೇ ಇದೆ. ಪಂಚಾಯ್ತಿಯವರು ಇದನ್ನೇ ನೆಪ ಮಾಡ್ಕೊಳ್ತಾರೆ: ‘ಲೈನು ಖಾಸಗಿ ಜಾಗ, ನಿಮ್ಮ ಧಣಿನ ಕೇಳಿ.’ ಧಣಿ ಅಂತಾನೆ: ‘ವೋಟು ಹಾಕ್ತೀರಲ್ಲ, ಪಂಚಾಯ್ತಿನ ಕೇಳಿ.’ ಇಬ್ಬರ ನಡುವೆ ನಮ್ಮ ಹೆಂಗಸರು ಕೊಡ ಹೊತ್ತು ಹಳ್ಳಕ್ಕೆ ಇಳೀತಾರೆ.

ಇಲ್ಲೇ ಕಾಗದದ ಕೆಲಸ ಇರೋದು. ಬಾಯಲ್ಲಿ ‘ಧಣಿನ ಕೇಳಿ’ ಅಂದ್ರೆ ಅದು ಗಾಳಿಗೆ ಹೋಯ್ತು. ಅದೇ ಮಾತನ್ನ ಪಂಚಾಯ್ತಿ ಹಿಂಬರಹದಲ್ಲಿ ಬರೆದು ಕೊಟ್ಟರೆ, ಕಾರ್ಮಿಕ ಇಲಾಖೆಗೆ ಹಿಡಿದುಕೊಂಡು ಹೋಗೋಕೆ ನಮ್ಮ ಕೈಯಲ್ಲಿ ಸಾಕ್ಷಿ ಸಿಕ್ಕಿತು. ‘ಆಗೋಲ್ಲ’ ಅನ್ನೋದನ್ನೂ ಬರೆಸಿಕೊಂಡು ಬನ್ನಿ.

ಹೇಗೆ ಬರೆಯಬೇಕು? ಒಂದು ಅರ್ಜಿಗೆ ಒಂದೇ ವಿಷಯ. ನೀರಿನ ಅರ್ಜಿಯಲ್ಲಿ ರಸ್ತೆ ಸೇರಿಸಬೇಡಿ. ಮೇಲೆ ತಾರೀಖು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯವರಿಗೆ ಅಂತ ವಿಳಾಸ. ಎಷ್ಟು ಮನೆ, ಎಷ್ಟು ದಿನದಿಂದ ನೀರಿಲ್ಲ, ಏನು ಆಗಬೇಕು ಅನ್ನೋದು ನಾಲ್ಕು ಸಾಲಲ್ಲಿ ಇರಲಿ. ‘ತಮ್ಮ ಪಾದಕ್ಕೆ ಬಿದ್ದು’ ಅಂತ ಬರೆಯಬೇಡಿ. ಎರಡು ಪ್ರತಿ ಮಾಡಿ. ಒಂದನ್ನ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ತಗೊಳ್ಳೋಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ ಮಾಡಿ. ಮೆಂಬರುಗಳ ಅವಧಿ ಮುಗಿದು ಆಡಳಿತಾಧಿಕಾರಿ ಕೂತಿರುವ ದಿನಗಳಲ್ಲೂ ಕಚೇರಿ ಇರ್ತದೆ, ಅರ್ಜಿ ತಗೊಳ್ಳಲೇಬೇಕು.

ಉತ್ತರ ಬರಲಿಲ್ಲವಾ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ‘ಇಂಥ ತಾರೀಖಿನ ನಮ್ಮ ಅರ್ಜಿ ಮೇಲೆ ಏನು ಕ್ರಮ ಆಯ್ತು, ಕಡತದ ನಕಲು ಕೊಡಿ’ ಅಂತ ಕೇಳಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು, ಇಲ್ಲಾಂದ್ರೆ ಮೇಲಿನ ಅಧಿಕಾರಿಗೆ ಮೇಲ್ಮನವಿ. ಪರಿಶಿಷ್ಟರ ಹೆಸರಲ್ಲಿ ಮೀಸಲಿಟ್ಟ ಹಣ ಎಲ್ಲಿ ಖರ್ಚಾಯ್ತು ಅಂತಲೂ ಹೀಗೇ ಕೇಳಬಹುದು.

ಇನ್ನು ಗ್ರಾಮಸಭೆ. ಆರು ತಿಂಗಳಿಗೆ ಒಮ್ಮೆಯಾದ್ರೂ ನಡೀಲೇಬೇಕು. ಅದರ ಸದಸ್ಯರಾಗೋಕೆ ಖಾತೆ ಬೇಡ, ಪಹಣಿ ಬೇಡ, ಸ್ವಂತ ಮನೆ ಬೇಡ. ಮತದಾರರ ಪಟ್ಟಿಯಲ್ಲಿ ಹೆಸರಿದ್ರೆ ಸಾಕು. ಲೈನಿನ ಮುದುಕಿಗೂ ನೂರು ಎಕರೆ ಧಣಿಗೂ ಅಲ್ಲಿ ಒಂದೇ ಸದಸ್ಯತ್ವ. ನಿಮ್ಮಲ್ಲಿ 18 ತುಂಬಿದವರು ಮೊದಲು ಹೆಸರು ಸೇರಿಸಿಕೊಳ್ಳಿ. ಮನೆ ಹಂಚುವ ಫಲಾನುಭವಿ ಪಟ್ಟಿ ಅಲ್ಲಿಗೆ ಬರ್ತದೆ. ನಾವು ಹೋಗದಿದ್ರೆ ಬೇರೆಯವರ ಹೆಸರು ಓದ್ತಾರೆ. ಹಾಜರಿ ಪುಸ್ತಕ ಮನೆ ಬಾಗಿಲಿಗೆ ಬಂದ್ರೆ ಸಹಿ ಹಾಕಬೇಡಿ ಅಂತ ಅಮ್ಮನಿಗೆ ಹೇಳಿ. ಸಭೆಯಲ್ಲಿ ಆಡಿದ ಮಾತು ನಡವಳಿ ಪುಸ್ತಕದಲ್ಲಿ ಬಂತಾ ಅಂತ ಎದ್ದು ನಿಂತು ಓದಿಸಿ. ನವೆಂಬರಿನಿಂದ ಕಾಫಿ ಕುಯ್ಲು. ಆಗ ಕೆಲಸದ ದಿನ ಸಭೆ ಇಟ್ಟರೆ ಕೂಲಿ ಬಿಟ್ಟು ಯಾರು ಬರ್ತಾರೆ? ರಜಾ ದಿನ ಇಡಿ ಅನ್ನೋದೇ ನಿಮ್ಮ ಮೊದಲ ಅರ್ಜಿಯಾಗಲಿ.

ಮೀಸಲಿನಲ್ಲಿ ಗೆದ್ದ ನಮ್ಮ ಮೆಂಬರು ಅದೇ ಧಣಿ ತೋಟದಲ್ಲಿ ಕೂಲಿ ಆಗಿರಬಹುದು. ಅವರನ್ನ ಹಂಗಿಸಬೇಡಿ, ಅವರ ಹಿಂದೆ ನಿಲ್ಲಿ. ದಲಿತ ಸದಸ್ಯರನ್ನ, ಅಧ್ಯಕ್ಷರನ್ನ ಬೆದರಿಸಿ ಅವರ ಕೆಲಸ ಮಾಡಗೊಡದಿರೋದು 2016ರಿಂದ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಇದನ್ನ ಅವರಿಗೂ ಓದಿ ಹೇಳಿ.

ಒಂದು ಭಯ ನಿಜ. ಮೊದಲ ಸಹಿ ಹಾಕಿದವನನ್ನ ಧಣಿ ಗುರುತು ಹಿಡೀತಾನೆ, ನಾಳೆ ಲೈನು ಖಾಲಿ ಮಾಡು ಅಂತಾನೆ. ಓದಿದ ಹುಡುಗ ಅಂತ ಆವೇಶದಲ್ಲಿ ಅಪ್ಪನ ಹೆಸರನ್ನ ಒಂಟಿಯಾಗಿ ಮುಂದಿಡಬೇಡಿ. ಇಡೀ ಲೈನು, ಇಡೀ ಕಾಲೋನಿ ಕೂತು ಅರ್ಜಿ ಓದಿಸಿ ಕೇಳಲಿ. ಸಹಿಗಳನ್ನ ಸಾಲಾಗಿ ಹಾಕಿಸದೆ ಸುತ್ತಲೂ ವೃತ್ತದಲ್ಲಿ ಹಾಕಿಸಿ. ಹೆಬ್ಬೆಟ್ಟು ಇದ್ದರೆ ಪಕ್ಕದಲ್ಲಿ ಹೆಸರು ಬರೀರಿ. ವೃತ್ತಕ್ಕೆ ಮೊದಲನೆಯವನು ಇಲ್ಲ. ಎಲ್ಲರನ್ನೂ ಒಟ್ಟಿಗೆ ಹೊರಗೆ ಹಾಕಿದರೆ ಹಣ್ಣು ಕುಯ್ಯೋರು ಯಾರು? ಅದು ಧಣಿಗೂ ಗೊತ್ತು.

ಈ ರಜೆಯಲ್ಲಿ ನಿಮ್ಮ ಲೈನಿಂದ ಒಂದು ಅರ್ಜಿ ಹೋಗಲಿ. ವಾಪಸ್ ಬರುವಾಗ ಸೀಲು ಬಿದ್ದ ನಕಲು ತನ್ನಿ. ಎಲ್ಲವನ್ನೂ ಒಂದು ಫೈಲು ಮಾಡೋಣ. ಉತ್ತರ ಬಾರದವನ್ನ ಒಟ್ಟಿಗೆ ಹಿಡಿದುಕೊಂಡು ಜಿಲ್ಲಾ ಪಂಚಾಯ್ತಿ ಮೆಟ್ಟಿಲು ಹತ್ತೋಣ.

ಜೈ ಭೀಮ್.