ಗುಡಾರ ಹೊಲಿಯುವವರು ಹೇಳಿದ ಪಾಠ



ತಪ್ಪು ಮಾಡಿದವನಿಗೆ ಬುದ್ಧಿ ಹೇಳುವುದು ಕಷ್ಟ. ಹೆಚ್ಚುಕಡಿಮೆ ಸರಿಯಾಗಿಯೇ ಇರುವವನಿಗೆ ಹೇಳುವುದು ಇನ್ನೂ ಕಷ್ಟ. ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 18ನೇ ಅಧ್ಯಾಯದಲ್ಲಿ ಬರುವ ಅಪೊಲ್ಲೋಸ ಅಂಥವನು. ಹುಟ್ಟಿದ್ದು ಈಜಿಪ್ಟಿನ ಅಲೆಕ್ಸಾಂದ್ರಿಯದಲ್ಲಿ. ಆ ಕಾಲಕ್ಕೆ ಅದು ವಿದ್ಯೆಯ ತವರು. ಶಾಸ್ತ್ರವನ್ನು ಅರೆದು ಕುಡಿದವನು, ಒಳ್ಳೆಯ ಮಾತುಗಾರ. ಎಫೆಸ ಪಟ್ಟಣದ ಸಭಾಮಂದಿರದಲ್ಲಿ ಧೈರ್ಯವಾಗಿ ಯೇಸುವಿನ ವಿಷಯ ಬೋಧಿಸುತ್ತಿದ್ದ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಅವನ ತಿಳಿವಳಿಕೆ ಸ್ನಾನಿಕ ಯೋಹಾನನ ದೀಕ್ಷಾಸ್ನಾನದ ಹತ್ತಿರ ನಿಂತುಬಿಟ್ಟಿತ್ತು.

ಕೇಳಿಸಿಕೊಂಡವರಲ್ಲಿ ಪ್ರಿಸ್ಕಿಲ್ಲ, ಅಕ್ವಿಲ ಎಂಬ ದಂಪತಿ ಇದ್ದರು. ಗುಡಾರ ಹೊಲಿದು ಬದುಕುವವರು. ಚಕ್ರವರ್ತಿ ಕ್ಲೌದಿಯ ಯೆಹೂದ್ಯರನ್ನು ರೋಮಿನಿಂದ ಹೊರಡಿಸಿದಾಗ ಕೊರಿಂಥಕ್ಕೆ ಬಂದು, ಅದೇ ಕಸಬಿನ ಅಪೊಸ್ತಲ ಪೌಲನ ಜೊತೆ ದುಡಿದು, ಆಮೇಲೆ ಎಫೆಸಕ್ಕೆ ಬಂದವರು. ಸಭೆಯಲ್ಲೇ ಎದ್ದು ನಿಂತು ಪ್ರಶ್ನೆ ಹಾಕಬಹುದಿತ್ತು. ಹಾಕಲಿಲ್ಲ. ಅವನನ್ನು ತಮ್ಮ ಬಳಿಗೆ ಕರೆದುಕೊಂಡು ಹೋಗಿ, ತಿಳಿಯದೆ ಉಳಿದದ್ದನ್ನು ಬಿಡಿಸಿ ಹೇಳಿದರು. ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಒಬ್ಬರನ್ನೊಬ್ಬರು ತಿದ್ದುವ ಪರಿ ನೋಡಿದಾಗಲೆಲ್ಲ ನನಗೆ ಈ ಗಂಡಹೆಂಡಿರು ನೆನಪಾಗುತ್ತಾರೆ.

ಅಪೊಲ್ಲೋಸನಿಗೆ ಏನನ್ನಿಸಿತು? ಈ ಪುಸ್ತಕ ಬರೆದ ಲೂಕ ಆ ಬಗ್ಗೆ ಒಂದು ಮಾತೂ ಬರೆದಿಲ್ಲ. ಕೈಕಸಬಿನವರು, ಅವರಲ್ಲೊಬ್ಬಳು ಹೆಂಗಸು, ವಿದ್ವಾಂಸನಿಗೆ ಪಾಠ ಹೇಳಿದಾಗ ಮುಖ ಒಂದು ಗಳಿಗೆಯಾದರೂ ಬಿಗಿದಿರಬೇಕು ಎಂದು ನನ್ನ ಊಹೆ. ಗದರಿಕೆಗೆ ಕಿವಿಗೊಡುವವನೇ ವಿವೇಕಿ ಎಂಬುದನ್ನು ‘ಜ್ಞಾನೋಕ್ತಿಗಳು’ ಗ್ರಂಥ ಬಗೆಬಗೆಯಾಗಿ ಹೇಳುತ್ತದೆ. ಅಪೊಲ್ಲೋಸ ಅದನ್ನು ಓದಿದ್ದ, ಬಹುಶಃ ಬೇರೆಯವರಿಗೆ ಬೋಧಿಸಿಯೂ ಇದ್ದ. ಆ ದಿನ ಅದು ತನ್ನ ಪಾಲಿಗೇ ಬಂತು. ಲೂಕನ ಮುಂದಿನ ವಾಕ್ಯದಲ್ಲೇ ಅವನು ಅಖಾಯ ಸೀಮೆಗೆ ಹೋಗಲು ಮನಸ್ಸು ಮಾಡಿದ್ದಾನೆ. ಇವನನ್ನು ಸೇರಿಸಿಕೊಳ್ಳಿ ಎಂದು ಎಫೆಸದ ಸಹೋದರರು ಅಲ್ಲಿಯವರಿಗೆ ಪತ್ರ ಬರೆದುಕೊಡುತ್ತಾರೆ. ಮುನಿಸಿಕೊಂಡು ಎದ್ದುಹೋದವನಿಗೆ ಅಂಥ ಪತ್ರ ಸಿಗುತ್ತಿತ್ತೇ?

ಅವನ ಮಾತಿನ ಬಲವೇನೂ ಕುಂದಲಿಲ್ಲ. ಅಖಾಯದ ಕೊರಿಂಥದಲ್ಲಿ ಜನ ಅವನಿಗೆ ಎಷ್ಟು ಮರುಳಾದರೆಂದರೆ, ಪೌಲನ ಕಡೆಯವರು, ಅಪೊಲ್ಲೋಸನ ಕಡೆಯವರು ಎಂದು ಗುಂಪುಗಳೇ ಎದ್ದವು. ಮುಂದೆ ಪೌಲನೇ ಅವನಿಗೆ ಕೊರಿಂಥಕ್ಕೆ ಹೋಗಿ ಬಾ ಎಂದು ಬಹಳ ಹೇಳಿದ. ಅವನು ಸದ್ಯಕ್ಕೆ ಒಲ್ಲೆ ಎಂದ. ಕಾರಣ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿಲ್ಲ. ತನ್ನ ಹೆಸರು ಹಿಡಿದು ಜಗಳಾಡುತ್ತಿದ್ದವರ ನಡುವೆ ಹೋಗಿ ನಿಲ್ಲುವುದು ಅವನಿಗೆ ಬೇಡವಾಗಿತ್ತೆಂದು ನನಗೆ ತೋರುತ್ತದೆ.