ಹುಲ್ಲು ಕೊಯ್ಲಿನ ದಿನದ ಸುಖ ಯಾರದು?

(ಕಾಲೇಜು ವಿದ್ಯಾರ್ಥಿಗಳ ಎದುರು ಮಾಡಿದ ಭಾಷಣದ ಬರಹರೂಪ)



ಹುಲ್ಲು ಕೊಯ್ಯುವುದರ ಬಗ್ಗೆ ಭಾಷಣ ಮಾಡುವಂಥದ್ದೇನಿದೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಯೂರೋಪಿನ ರೈತನಿಗೆ ಮಾತ್ರ ಅದು ವರ್ಷದ ಅತಿ ಮುಖ್ಯ ಕೆಲಸಗಳಲ್ಲೊಂದಾಗಿತ್ತು. ಅಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಹಸಿರು ಮೇವು ಸಿಗುವುದಿಲ್ಲ. ಜೂನ್, ಜುಲೈ ತಿಂಗಳ ಬೇಸಿಗೆಯಲ್ಲಿ ಕೊಯ್ದು ಒಣಗಿಸಿಟ್ಟ ಹುಲ್ಲೇ ದನಕ್ಕೂ ಕುದುರೆಗೂ ಆಧಾರ. ಹುಲ್ಲು ಸಾಲದಿದ್ದರೆ ಚಳಿ ಶುರುವಾಗುವ ಮೊದಲೇ ದನಗಳನ್ನು ಮಾರಬೇಕು, ಇಲ್ಲವೇ ಕಡಿಯಬೇಕು.

ಕೊಯ್ಯುವ ಆಯುಧವೂ ನಮ್ಮದರಂತಲ್ಲ. ನಮ್ಮ ಕುಡುಗೋಲಿಗೆ ಬೆನ್ನು ಬಗ್ಗಿಸಲೇಬೇಕು. ಅವರದಕ್ಕೆ ಆಳೆತ್ತರದ ಮರದ ಹಿಡಿ, ತುದಿಯಲ್ಲಿ ಎರಡು ಮೂರಡಿಯ ಬಾಗಿದ ಅಲಗು. ನಿಂತುಕೊಂಡೇ ಸೊಂಟ ತಿರುಗಿಸಿ ಬಲದಿಂದ ಎಡಕ್ಕೆ ಬೀಸಿದರೆ ಹುಲ್ಲು ಬುಡದಲ್ಲಿ ತುಂಡಾಗಿ ಎಡಗಡೆ ಸಾಲಾಗಿ ಬೀಳುತ್ತದೆ. ಇಬ್ಬನಿಯಲ್ಲಿ ನೆಂದ ಹುಲ್ಲು ಸಲೀಸಾಗಿ ಕತ್ತರಿಸುವುದರಿಂದ ಕೆಲಸ ಶುರುವಾಗುವುದು ನಸುಕಿನಲ್ಲೇ. ಆಳುಗಳು ಒಬ್ಬರ ಹಿಂದೆ ಒಬ್ಬರು ಓರೆಯಾಗಿ ನಿಲ್ಲುತ್ತಾರೆ. ಮುಂದಿನವನು ನಿಧಾನಿಸಿದರೆ ಹಿಂದಿನವನ ಅಲಗು ಅವನ ಹಿಮ್ಮಡಿಗೇ! ಆಗಾಗ ಎಲ್ಲರೂ ನಿಂತು ಮಸೆಗಲ್ಲಿನಿಂದ ಅಲಗು ಮಸೆಯಬೇಕು. ಆ ಬಿಡುವೇ ವಿಶ್ರಾಂತಿ. ನುರಿತ ಕೈಗೆ ದಿನಕ್ಕೆ ಸುಮಾರು ಒಂದು ಎಕರೆ. ದಕ್ಷಿಣ ಜರ್ಮನಿಯಲ್ಲಂತೂ ಒಬ್ಬ ಒಂದು ದಿನದಲ್ಲಿ ಕೊಯ್ಯುವಷ್ಟು ಜಾಗವನ್ನೇ ನೆಲದ ಅಳತೆಯಾಗಿ ಬಳಸುತ್ತಿದ್ದರು.

ಕೊಯ್ದರೆ ಮುಗಿಯಲಿಲ್ಲ. ಹೆಂಗಸರು, ಮಕ್ಕಳು ಮರದ ಹಲ್ಲಿನ ಕುಂಟೆ ಹಿಡಿದು ಹುಲ್ಲನ್ನು ಹರಡಬೇಕು, ತಿರುವಬೇಕು, ಸಂಜೆಗೆ ಗುಪ್ಪೆ ಹಾಕಬೇಕು. ಹಸಿಯಿದ್ದಾಗಲೇ ಬಣವೆ ಒಟ್ಟಿದರೆ ಒಳಗೆ ಶಾಖ ಹುಟ್ಟಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳುವುದೂ ಉಂಟು. ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೋ ಎಂಬ ಇಂಗ್ಲಿಷ್ ಗಾದೆ ಜಾನ್ ಹೇವುಡ್‌ನ 1546ರ ಸಂಗ್ರಹದಲ್ಲೇ ಇದೆ. ನಾವದನ್ನು ಸಮಯಸಾಧಕರಿಗೆ ಅನ್ವಯಿಸುತ್ತೇವೆ. ಅದನ್ನು ಹುಟ್ಟುಹಾಕಿದವರಿಗೆ ಮೋಡದ ಭಯವಿತ್ತು.

ಈ ದಿನವನ್ನು ಹಬ್ಬದಂತೆ ಕಂಡವರೂ ಇದ್ದಾರೆ. ಪೀಟರ್ ಬ್ರೂಗೆಲ್ 1565ರಲ್ಲಿ ಬರೆದ ಹುಲ್ಲು ಕೊಯ್ಲಿನ ಚಿತ್ರ ಪ್ರಾಗ್ ನಗರದಲ್ಲಿದೆ. ಕುಂಟೆ ಹೊತ್ತ ಮೂವರು ಹೆಂಗಸರು ನಡೆದು ಹೋಗುತ್ತಿದ್ದಾರೆ. ನಡುವಿನವಳು ನಮ್ಮನ್ನೇ ನೋಡುತ್ತಾಳೆ. ಮೂಲೆಯಲ್ಲೊಬ್ಬ ಕುಳಿತು ಅಲಗು ಹದಗೊಳಿಸುತ್ತಿದ್ದಾನೆ. ಬುಟ್ಟಿಗಳಲ್ಲಿ ಹಣ್ಣು ಸಾಗುತ್ತಿದೆ. ನೋಡಿದರೆ ನಾವೂ ಅಲ್ಲಿರಬಾರದಿತ್ತೇ ಅನ್ನಿಸುತ್ತದೆ. ಆದರೆ ಇದನ್ನು ಬರೆಸಿದವನು ಆ ರೈತರಲ್ಲಿ ಒಬ್ಬನಲ್ಲ. ಆಂಟ್‌ವರ್ಪಿನ ಧನಿಕ ವರ್ತಕ ನಿಕ್ಲಾಸ್ ಯೋಂಗೆಲಿಂಕ್, ತನ್ನ ಮನೆಯ ಗೋಡೆಗೆ.

ಟಾಲ್‌ಸ್ಟಾಯ್ ಬೇರೆ. ಜಮೀನುದಾರನಾದರೂ ಸ್ವತಃ ಹುಲ್ಲು ಕೊಯ್ದವನು. ‘ಅನ್ನಾ ಕರೆನಿನಾ’ ಕಾದಂಬರಿಯಲ್ಲಿ ಜಮೀನುದಾರ ಲೆವಿನ್ ಆಳುಗಳ ಜೊತೆ ದಿನವಿಡೀ ಕೊಯ್ಯುತ್ತಾನೆ. ಬರಬರುತ್ತಾ ಕೈ ತಾನಾಗಿಯೇ ಆಡತೊಡಗಿ ಮೈಮರೆಯುತ್ತಾನೆ. ಮುದುಕನೊಬ್ಬನ ಜೊತೆ ಕೂತು ಅವನ ರೊಟ್ಟಿಯೂಟದಲ್ಲೇ ಪಾಲು ಪಡೆಯುತ್ತಾನೆ. ಇಷ್ಟನ್ನು ಎಲ್ಲರೂ ಹೊಗಳುತ್ತಾರೆ. ಕೆಲವೇ ಅಧ್ಯಾಯಗಳ ನಂತರ ಅದೇ ಲೆವಿನ್ ಅಕ್ಕನ ಹಳ್ಳಿಗೆ ಹೋಗಿ, ರೈತರು ಹುಲ್ಲಿನ ಪಾಲಿನಲ್ಲಿ ಮೋಸ ಮಾಡಿದ್ದಾರೆಂದು ಬಣವೆ ಕೆಡವಿಸಿ ಲೆಕ್ಕ ತೆಗೆಯುತ್ತಾನೆ! ಹುಲ್ಲು ಕೊಯ್ದ ಕೈಗೆ ಅದರ ಒಂದು ಪಾಲು ಮಾತ್ರ ಎಂಬುದನ್ನು ಟಾಲ್‌ಸ್ಟಾಯ್ ಮುಚ್ಚಿಡಲಿಲ್ಲ. ಆತನ ದೊಡ್ಡತನ ಇರುವುದು ಇಲ್ಲೇ ಎಂದು ನನ್ನ ಎಣಿಕೆ.

ಇಂಗ್ಲೆಂಡಿನ ಕಥೆಯೂ ಹೀಗೆಯೇ. ಮರದ ನೆರಳಲ್ಲಿ ಕೂತು ಬಿಯರನ್ನೋ, ಸೈಡರ್ ಎಂಬ ಸೇಬಿನ ಮದ್ಯವನ್ನೋ ಕುಡಿಯುವ ಕೂಲಿಗಳ ಚಿತ್ರ ಬಹಳ ಸೊಗಸು. ಆದರೆ ಅದು ಉಡುಗೊರೆಯಲ್ಲ, ಕೂಲಿಯ ಒಂದು ಭಾಗ. ಹಣದ ಬದಲು ಮದ್ಯ ಕೊಡಬಾರದೆಂದು 1887ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಹಾಗೆಂದು ಆ ಸುಖ ಸುಳ್ಳೆನ್ನಲಾರೆ. ದುಡಿದು ದಣಿದವನ ನೆರಳು ನಿಜವಾದ ನೆರಳೇ. ಅದರ ಲೆಕ್ಕ ಬೇರೆಯವರ ಕೈಯಲ್ಲಿತ್ತು, ಅಷ್ಟೇ.

ಯಂತ್ರ ಬಂದ ಮೇಲೆ ಬೆವರು ಉಳಿಯಿತು. ಆದರೆ ಅದರೊಂದಿಗೆ ಹುಲ್ಲುಗಾವಲೂ ಹೋಯಿತು. ಹಳೆಯ ಗಾವಲಿಗೆ ರಸಗೊಬ್ಬರ ಇರಲಿಲ್ಲ. ಹೂ ಬಿಟ್ಟು ಬೀಜ ಉದುರಿದ ಮೇಲೆ ಕೊಯ್ಲು. ಹೀಗಾಗಿ ನೂರಾರು ಬಗೆಯ ಗಿಡ, ಜೇನು, ಚಿಟ್ಟೆ ಅಲ್ಲಿ ಬದುಕಿದ್ದವು. ಈಗ ಗೊಬ್ಬರ ಸುರಿದು ಒಂದೇ ಜಾತಿಯ ಹುಲ್ಲು ಬೆಳೆಸುತ್ತಾರೆ. ಒಣಗಿಸುವ ಬದಲು ಹಸಿಯಾಗಿಯೇ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸುತ್ತಾರೆ. ಇದಕ್ಕೆ ಬಿಸಿಲಿನ ಹಂಗು ಅಷ್ಟಿಲ್ಲ. ಹೂ ಬೀಜ ಕಟ್ಟುವ ಮೊದಲೇ, ಮೇ ತಿಂಗಳಲ್ಲೇ ಕೊಯ್ಯಬಹುದು. ಪರಿಣಾಮ? 1930ರ ದಶಕದಿಂದ 1984ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ತಗ್ಗುಪ್ರದೇಶದ ಹೂವಿನ ಹುಲ್ಲುಗಾವಲುಗಳಲ್ಲಿ ಶೇ 97ರಷ್ಟು ನಾಶವಾಗಿವೆಯೆಂದು ಅಧ್ಯಯನ ತಿಳಿಸುತ್ತದೆ.

ಬೋಸ್ನಿಯಾದ ಕುಪ್ರೆಸ್‌ನಲ್ಲಿ ಪ್ರತಿ ಜುಲೈನಲ್ಲಿ ಕೈಯಿಂದ ಹುಲ್ಲು ಕೊಯ್ಯುವ ಸ್ಪರ್ಧೆ ನಡೆಯುತ್ತದೆ. 2020ರಲ್ಲಿ ಯುನೆಸ್ಕೋ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಗ್ಲೆಂಡಿನಲ್ಲಿ ಅಳಿದುಳಿದ ಗಾವಲುಗಳಿಂದ ಬೀಜಸಹಿತ ಹಸಿ ಹುಲ್ಲನ್ನು ಕೊಯ್ದು, ಬರಡಾದ ಹೊಲಗಳಲ್ಲಿ ಹರಡುವ ಕೆಲಸ ನಡೆದಿದೆ. ಹುಲ್ಲು ರಾಶಿಯಲ್ಲಿ ಬಿಸಿಯೇರಿದರೆ ಬೀಜ ಕೆಡುತ್ತದೆ. ಆದ್ದರಿಂದ ಕೊಯ್ದ ದಿನವೇ, ಸಂಜೆಯೊಳಗೆ, ಅದನ್ನು ಹರಡಿ ಮುಗಿಸಬೇಕು.