ಕ್ರಿಯಾಪದದ ಬಾಲ: 'ಡಿಸ್ಕಸ್' ಆದಮೇಲೆ 'ಅಬೌಟ್' ಯಾಕೆ ಬೇಡ?

ನಿಗಡಿಯಲ್ಲಿರೋ ಕನ್ನಡಿಗರ ಒಂದು ದಿನ ನೋಡಿ. ಬೆಳಿಗ್ಗೆ ಮನೇಲಿ ಕನ್ನಡ. ಪ್ರಾಧಿಕರಣದ ತರಕಾರಿ ಅಂಗಡೀಲಿ ಮರಾಠಿ. ಭಕ್ತಿ-ಶಕ್ತಿ ಚೌಕದಿಂದ ಹಿಂಜವಡಿಗೆ ಹೋಗೋ ಕ್ಯಾಬಿನಲ್ಲಿ ಹಿಂದಿ. ಹತ್ತು ಗಂಟೆಯ ಸ್ಟ್ಯಾಂಡಪ್‌ನಲ್ಲಿ ಇಂಗ್ಲಿಷ್. ಮಧ್ಯಾಹ್ನದ ಒಳಗೇ ನಾಲ್ಕು ಭಾಷೆ. ಇದು ನಮ್ಮ ಶಕ್ತಿ. ಆದರೆ ಇಂಗ್ಲಿಷ್ ಪ್ರಿಪೊಸಿಷನ್‌ಗಳು ಹೆಚ್ಚಾಗಿ ತಪ್ಪೋದು ಈ ನಾಲ್ಕು ಭಾಷೆಗಳ ಜಗಳದಲ್ಲೇ.

'ಕಮ್ಯುನಿಕೇಶನ್ ಸುಧಾರಿಸಿಕೊಳ್ಳಿ' ಅಂತ ಅಪ್ರೈಸಲ್‌ನಲ್ಲಿ ಬರೆಸಿಕೊಂಡವರು ನಮ್ಮಲ್ಲಿ ಬಹಳ ಜನ. ಏನು ಸುಧಾರಿಸಬೇಕು ಅಂತ ಯಾರೂ ಹೇಳಲ್ಲ. ಅದಕ್ಕೆ ಇವತ್ತು ಒಂದೇ ವಿಷಯ ತಗೊಳ್ಳೋಣ: ಕ್ರಿಯಾಪದ ಆದಮೇಲೆ ಬರೋ ಟು, ಫಾರ್, ಆಫ್, ವಿತ್, ಬೈ.

ಮೊದಲು ನಾಚಿಕೆ ಬಿಡಿ. ಇದು ಐಟಿ ಕಾಲದ ತೊಂದರೆ ಅಲ್ಲ. ಬಾಂಬೆ ಸಿವಿಲ್ ಸರ್ವಿಸ್‌ನಲ್ಲಿದ್ದ ಜಿ. ಸಿ. ವಿಟ್‌ವರ್ತ್ ಅನ್ನೋ ಅಧಿಕಾರಿ ಭಾರತೀಯರು ಇಂಗ್ಲಿಷ್ ನುಡಿಗಟ್ಟಿನಲ್ಲಿ ಎಲ್ಲಿ ಎಡವುತ್ತಾರೆ ಅಂತ 1907ರಲ್ಲೇ 'ಇಂಡಿಯನ್ ಇಂಗ್ಲಿಷ್' ಹೆಸರಿನ ಪುಸ್ತಕ ಬರೆದರು. ಆಗಿನ ಬಾಂಬೆ ಪ್ರೆಸಿಡೆನ್ಸಿಯಲ್ಲಿ ಪುಣೆನೂ ಇತ್ತು, ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಇದ್ದವು. ನೂರು ವರ್ಷಕ್ಕಿಂತ ಹಳೆಯ ಕಥೆ ಇದು.

ಈಗ ಕಾರಣ ನೋಡೋಣ. ಇಂಗ್ಲಿಷ್‌ನಲ್ಲಿ ಪ್ರಿಪೊಸಿಷನ್ ಮಾಡೋ ಕೆಲಸದ ಬಹುಪಾಲನ್ನ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಮಾಡುತ್ತೆ: ಅನ್ನು, ಇಂದ, ಗೆ, ಅಲ್ಲಿ. ಯಾವ ಕ್ರಿಯಾಪದಕ್ಕೆ ಯಾವ ಪ್ರತ್ಯಯ ಅನ್ನೋದು ಒಂದೊಂದು ಭಾಷೆಗೆ ಒಂದೊಂದು ಥರ. 'ಹೆದರು' ತಗೊಳ್ಳಿ. ನಾವು 'ನಾಯಿಗೆ ಹೆದರ್ತಾನೆ' ಅಂತೀವಿ. ಮರಾಠಿಯವರು 'ಕುತ್ರ್ಯಾಲಾ ಘಾಬರತೋ' ಅಂತಾರೆ, ಅಲ್ಲೂ ಹೆಚ್ಚುಕಡಿಮೆ 'ಗೆ'. ಹಿಂದಿಯವರು 'ಕುತ್ತೇ ಸೇ ಡರ್ತಾ ಹೈ' ಅಂತಾರೆ, ಅಂದರೆ 'ನಾಯಿಯಿಂದ'. ಇಂಗ್ಲಿಷ್‌ನಲ್ಲಿ 'ಅಫ್ರೇಡ್ ಆಫ್'. ನಾಯಿ ಒಂದೇ, ಭಯ ಒಂದೇ, ದಾರಿ ಮಾತ್ರ ಬೇರೆ. ಇದರಲ್ಲಿ ಲಾಜಿಕ್ ಹುಡುಕಬೇಡಿ, ಇದು ರೂಢಿ.

ಎಲ್ಲ ಕಡೆ ನಾವೇ ಇಂಗ್ಲಿಷ್‌ಗೆ ದೂರ ಅಂತಲೂ ಅಲ್ಲ. ಹಿಂದಿಯಲ್ಲಿ 'ಉಸ್ ಸೇ ಶಾದಿ ಕೀ', ಮರಾಠಿಯಲ್ಲಿ 'ತಿಚ್ಯಾಶೀ ಲಗ್ನ ಕೇಲಂ'. ಕನ್ನಡದಲ್ಲಿ 'ಅವಳನ್ನ ಮದುವೆಯಾದ'. ಇಂಗ್ಲಿಷ್‌ನಲ್ಲೂ 'ಹೀ ಮ್ಯಾರೀಡ್ ಹರ್', ನಡುವೆ ಏನೂ ಬೇಡ. ಇಲ್ಲಿ ಕನ್ನಡ ನಂಬಿದರೆ ಸಾಕು, 'ಮ್ಯಾರೀಡ್ ವಿತ್' ಬರೋದೇ ಇಲ್ಲ.

ಇನ್ನು 'ಡಿಸ್ಕಸ್ ಅಬೌಟ್'. ಇದು ಎಲ್ಲಿಂದ ಬಂತು? ನಾವು ಕನ್ನಡ ಮಾತಾಡುವಾಗ 'ಆ ಡಿಸೈನ್ ಬಗ್ಗೆ ಡಿಸ್ಕಸ್ ಮಾಡೋಣ' ಅಂತೀವಿ. ಇಲ್ಲಿ ಕ್ರಿಯಾಪದದ ಕೆಲಸ ಮಾಡ್ತಿರೋದು 'ಮಾಡು'. 'ಡಿಸ್ಕಸ್' ನಮ್ಮ ಬಾಯಲ್ಲಿ 'ಚರ್ಚೆ' ಅನ್ನೋ ಹಾಗೆ ನಾಮಪದ ಆಗಿಬಿಟ್ಟಿದೆ. ನಾಮಪದಕ್ಕೆ 'ಬಗ್ಗೆ' ಬೇಕೇ ಬೇಕು. ಆದರೆ ಇಂಗ್ಲಿಷ್‌ಗೆ ವಾಪಸ್ ಹೋದಾಗ 'ಮಾಡು' ಬಿದ್ದುಹೋಗುತ್ತೆ, 'ಬಗ್ಗೆ' ಮಾತ್ರ 'ಅಬೌಟ್' ಆಗಿ ಉಳಿಯುತ್ತೆ.

ಇದರಿಂದ ಒಂದು ಸುಲಭ ಸೂತ್ರ ಸಿಗುತ್ತೆ. ನಾಮಪದವಾದರೆ ಪ್ರಿಪೊಸಿಷನ್ ಹಾಕಿ, ಕ್ರಿಯಾಪದವಾದರೆ ಬಿಡಿ. 'ಎ ಡಿಸ್ಕಶನ್ ಅಬೌಟ್ ದ ಡಿಸೈನ್' ಸರಿ, 'ಡಿಸ್ಕಸ್ ದ ಡಿಸೈನ್' ಸರಿ. 'ಎ ರಿಕ್ವೆಸ್ಟ್ ಫಾರ್ ಲೀವ್' ಸರಿ, 'ರಿಕ್ವೆಸ್ಟ್ ಲೀವ್' ಸರಿ. 'ಎಂಫಸಿಸ್ ಆನ್ ಕ್ವಾಲಿಟಿ' ಸರಿ, 'ಎಂಫಸೈಜ್ ಕ್ವಾಲಿಟಿ' ಸರಿ. ಈ ಸೂತ್ರ ಎಲ್ಲ ಕ್ರಿಯಾಪದಕ್ಕೂ ಹೊಂದಲ್ಲ. ಆದರೆ ಆಫೀಸ್ ಮೇಲ್‌ನಲ್ಲಿ ದಿನಾ ಬರೋ ಈ ಮೂರಕ್ಕೆ ಸಾಕು.

ಉಲ್ಟಾ ತಪ್ಪೂ ಇದೆ: ಬೇಕಾದ ಕಡೆ ಬಿಟ್ಟುಬಿಡೋದು. 'ನನಗೆ ಹೇಳು' ಅಂದರೆ 'ಟೆಲ್ ಮೀ'. ಹಾಗಾಗಿ 'ನನಗೆ ವಿವರಿಸಿ' ಅಂದರೆ 'ಎಕ್ಸ್‌ಪ್ಲೇನ್ ಮೀ' ಅನ್ನಿಸುತ್ತೆ. ಆದರೆ ಅದು 'ಎಕ್ಸ್‌ಪ್ಲೇನ್ ಟು ಮೀ'. 'ರಿಪ್ಲೈ ಟು ಮೀ' ಕೂಡ ಹಾಗೇ. ನಮ್ಮ 'ಕೇಳು' ಅಂತೂ ಒಬ್ಬನೇ ನಾಲ್ಕು ಜನರ ಕೆಲಸ ಮಾಡ್ತಾನೆ. ಅವರನ್ನ ಕೇಳು: 'ಆಸ್ಕ್ ಹಿಮ್'. ರಜ ಕೇಳು: 'ಆಸ್ಕ್ ಫಾರ್ ಲೀವ್'. ಮಾತು ಕೇಳು: 'ಲಿಸನ್ ಟು'. ಸದ್ದು ಕೇಳಿಸಿತು: 'ಹರ್ಡ್'. ಉತ್ತರ ಕರ್ನಾಟಕದವರು 'ಅವರಿಗೆ ಕೇಳ್ರಿ' ಅಂತೀರಿ, ಮರಾಠಿಯ 'ತ್ಯಾಲಾ ವಿಚಾರ್' ಕೂಡ ಅದೇ ಥರ. ಅದರಿಂದ 'ಆಸ್ಕ್ ಟು ಹಿಮ್' ಬರುತ್ತೆ. ಅಲ್ಲಿ 'ಟು' ಬೇಡ.

ಈಗ ಮುಖ್ಯ ಮಾತಿಗೆ ಬರ್ತೀನಿ. ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. 'ಡಿಸ್ಕಸ್ ಅಬೌಟ್' ಅಂದರೆ ಕಿವಿಗೆ ಚುಚ್ಚಬಹುದು, ಅರ್ಥ ಕೆಡಲ್ಲ. ಆದರೆ ಕೆಲವು ಕಡೆ ಆ ಪುಟ್ಟ ಪದ ಬದಲಾದರೆ ಅರ್ಥವೇ ಬದಲಾಗುತ್ತೆ. ಟೈಮ್ ಕಮ್ಮಿ ಇದ್ದರೆ ಇವನ್ನ ಮೊದಲು ಕಲೀರಿ.

ಒಂದು, 'ಇನ್‌ಕ್ರೀಸ್ ಟು' ಮತ್ತು 'ಇನ್‌ಕ್ರೀಸ್ ಬೈ'. ಈಗಿನ ಲಿಮಿಟ್ 20 ಅಂತಿಟ್ಟುಕೊಳ್ಳಿ. 'ಟು 30' ಅಂದರೆ 30ಕ್ಕೆ ಏರಿಸಿ. 'ಬೈ 30' ಅಂದರೆ 30ರಷ್ಟು ಏರಿಸಿ, ಅಂದರೆ 50. ಕನ್ನಡದ 'ಕ್ಕೆ' ಮತ್ತು 'ರಷ್ಟು' ನೆನಪಿಟ್ಟರೆ ತಪ್ಪಲ್ಲ.

ಎರಡು, 'ರಿಪ್ಲೇಸ್' ಮತ್ತು 'ಸಬ್‌ಸ್ಟಿಟ್ಯೂಟ್'. 'ರಿಪ್ಲೇಸ್ ಎ ವಿತ್ ಬಿ' ಅಂದರೆ ಎ ಹೋಗಿ ಬಿ ಬರುತ್ತೆ. 'ಸಬ್‌ಸ್ಟಿಟ್ಯೂಟ್ ಎ ಫಾರ್ ಬಿ' ಅಂದರೆ ಬಿ ಹೋಗಿ ಎ ಬರುತ್ತೆ. ಪೂರ್ತಿ ಉಲ್ಟಾ. ರಾತ್ರಿ ಎರಡು ಗಂಟೆಗೆ ಸರ್ವರ್ ಬದಲಾಯಿಸೋ ಸೂಚನೆಯಲ್ಲಿ ಇದು ಅದಲುಬದಲಾದರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ. ಸುಮ್ಮನೆ ಯಾವಾಗಲೂ 'ರಿಪ್ಲೇಸ್ ವಿತ್' ಬಳಸಿ.

ಮೂರು, 'ಅಪ್ರೂವ್' ಮತ್ತು 'ಅಪ್ರೂವ್ ಆಫ್'. ಕ್ಲೈಂಟ್ ಡಿಸೈನನ್ನ 'ಅಪ್ರೂವ್' ಮಾಡಿದ್ದಾರೆ ಅಂದರೆ ಒಪ್ಪಿಗೆ ಕೊಟ್ಟಿದ್ದಾರೆ, ಕೆಲಸ ಶುರು ಮಾಡಬಹುದು. 'ಅಪ್ರೂವ್ ಆಫ್' ಅಂದರೆ ಅವರಿಗೆ ಅದು ಸರಿ ಅನ್ನಿಸಿದೆ ಅಷ್ಟೆ. ಮೆಚ್ಚುಗೆಯನ್ನ ಒಪ್ಪಿಗೆ ಅಂತ ವರದಿ ಮಾಡಿದರೆ ಬಿಲ್ಲಿಂಗ್ ಹೊತ್ತಿಗೆ ಗೊತ್ತಾಗುತ್ತೆ.

ನಾಲ್ಕು, 'ಫಿನಿಶ್ ಬೈ ಫ್ರೈಡೇ', 'ವರ್ಕ್ ಟಿಲ್ ಫ್ರೈಡೇ'. ಹಿಂದಿಯ 'ತಕ್' ಮತ್ತು ಮರಾಠಿಯ 'ಪರ್ಯಂತ್' ಎರಡಕ್ಕೂ ನಡೆಯುತ್ತವೆ. ಹಾಗಾಗಿ ಇಲ್ಲಿನ ಆಫೀಸುಗಳಲ್ಲಿ 'ಐ ವಿಲ್ ಫಿನಿಶ್ ಟಿಲ್ ಫ್ರೈಡೇ' ಬಹಳ ಕೇಳಿಸುತ್ತೆ, ನಮಗೂ ಅಂಟಿಕೊಳ್ಳುತ್ತೆ. ಕನ್ನಡದಲ್ಲಿ ವ್ಯತ್ಯಾಸ ಸ್ಪಷ್ಟವಾಗಿದೆ: 'ಶುಕ್ರವಾರದೊಳಗೆ' ಅಂದರೆ 'ಬೈ', 'ಶುಕ್ರವಾರದವರೆಗೆ' ಅಂದರೆ 'ಟಿಲ್'. ಡೆಡ್‌ಲೈನ್ ಬರೆಯುವಾಗ ಒಂದು ಕ್ಷಣ ಕನ್ನಡದಲ್ಲಿ ಯೋಚನೆ ಮಾಡಿ.

ಕಲಿಯೋದು ಹೇಗೆ? ಪ್ರಿಪೊಸಿಷನ್‌ಗಳ ಪಟ್ಟಿ ಬಾಯಿಪಾಠ ಮಾಡಬೇಡಿ. ಕ್ರಿಯಾಪದವನ್ನ ಬಾಲದ ಸಮೇತ ಕಲೀರಿ. 'ಡಿಪೆಂಡ್' ಅಲ್ಲ, 'ಡಿಪೆಂಡ್ ಆನ್'. 'ಕನ್ಸಿಸ್ಟ್' ಅಲ್ಲ, 'ಕನ್ಸಿಸ್ಟ್ ಆಫ್'. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು 1942ರಲ್ಲಿ ಟೋಕಿಯೋದಲ್ಲಿ ಒಂದು ನಿಘಂಟು ಹೊರತಂದರು. ಪದದ ಅರ್ಥದ ಜೊತೆಗೆ ಕ್ರಿಯಾಪದ ಯಾವ ವಾಕ್ಯರಚನೆಯಲ್ಲಿ ಬರುತ್ತೆ ಅನ್ನೋದನ್ನೂ ಅದರಲ್ಲಿ ಕೊಟ್ಟರು. ಅದೇ ಮುಂದೆ ಬೆಳೆದು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಆಯಿತು. ಆ ಥರದ ನಿಘಂಟು ತೆಗೆದಾಗ ಅರ್ಥ ನೋಡಿ ಮುಚ್ಚಬೇಡಿ, ಕೆಳಗಿನ ಉದಾಹರಣೆ ವಾಕ್ಯ ಓದಿ. ದಿನಕ್ಕೆ ಮೂರು ಕ್ರಿಯಾಪದ ಸಾಕು. ಪ್ರತಿಯೊಂದಕ್ಕೂ ನಿಮ್ಮ ಪ್ರಾಜೆಕ್ಟ್‌ದೇ ಒಂದು ವಾಕ್ಯ ಬರೀರಿ. ಮೇಲ್ ಕಳಿಸೋ ಮುಂಚೆ ಕ್ರಿಯಾಪದಗಳನ್ನಷ್ಟೇ ಒಮ್ಮೆ ನೋಡಿ, ಬಾಲ ಸರಿ ಇದೆಯಾ ಅಂತ.

ಕೊನೆಯದಾಗಿ ಮಕ್ಕಳ ಮಾತು. ಇಲ್ಲಿ ಬೆಳೆಯೋ ನಮ್ಮ ಮಕ್ಕಳಿಗೆ ಇದೇ ತೊಂದರೆ ಉಲ್ಟಾ ದಿಕ್ಕಿನಲ್ಲಿ ಬರುತ್ತೆ. ಹಿಂದಿಯ 'ಸೇ' ಹಿಡಿದು 'ನಾಯಿಯಿಂದ ಹೆದರ್ತೀನಿ', 'ಅಪ್ಪನಿಂದ ಕೇಳು' ಅಂತಾರೆ. ನಗಬೇಡಿ, ಬೈಯಬೇಡಿ. 'ಹೌದಾ ಪುಟ್ಟಾ, ನಾಯಿಗೆ ಹೆದರ್ತೀಯಾ?' ಅಂತ ಸರಿಯಾದ ರೂಪದಲ್ಲೇ ತಿರುಗಿ ಕೇಳಿ. ನಮಗೂ ಕನ್ನಡದ ವಿಭಕ್ತಿ ಬಂದಿದ್ದು ವ್ಯಾಕರಣದಿಂದಲ್ಲ, ಕಿವಿಯಿಂದ. ಮಕ್ಕಳಿಗೆ ಕನ್ನಡ ಬರೋದೂ ಹಾಗೆ, ನಮಗೆ ಇಂಗ್ಲಿಷ್ ಬರಬೇಕಾದ್ದೂ ಹಾಗೆ.

ನಿಮ್ಮ ಆಫೀಸಿನಲ್ಲಿ ಹೆಚ್ಚು ಗೊಂದಲ ಮಾಡೋ ಕ್ರಿಯಾಪದ ಯಾವುದು ಅಂತ ಬರೆದು ಕಳಿಸಿ, ಮುಂದಿನ ಸಲ ಅದನ್ನೇ ತಗೊಳ್ಳೋಣ.